ಮಜ್ಜಿಗೆ ಹಾದಿ

ಕವಳಿಹಾಳದಿಂದ ಜಾಲಹಟ್ಟಿಗೆ ಹೋಗುವ ಬಸ್ಸು ಕರಿಹಳ್ಳದ ಹೊಸ ಸೇತುವೆಯನ್ನು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ದಾಟಿಬಿಡುತ್ತದೆ. ಆದರೆ ಶ್ರಾವಣ ಬಂತೆಂದರೆ ಅದೇ ಬಸ್ಸು ಈಚೆ ದಡದಲ್ಲೇ ನಿಂತು ಅರ್ಧ ಖಾಲಿಯಾಗುತ್ತದೆ. ಇಳಿದವರು ಕೈಯಲ್ಲೊಂದು ಕಲ್ಲು ಹಿಡಿದು, ಸೇತುವೆಯ ಮಗ್ಗುಲಿನ ಹಳೆಯ ಕಲ್ಲುಹಾದಿಯ ಮೇಲೆ ನಡೆದುಹೋಗಿ, ಆಚೆ ದಡದಲ್ಲಿ ಮತ್ತೆ ಹತ್ತುತ್ತಾರೆ. ಡ್ರೈವರು ಗೊಣಗುವುದಿಲ್ಲ, ಅವನ ಪಾಲಿನ ಒಂದು ಚರಿಗೆ ಮಜ್ಜಿಗೆಯೂ ಬರುತ್ತದಲ್ಲ. ಈ ಹಾದಿಗೆ ಮಜ್ಜಿಗೆ ಹಾದಿ ಎಂದು ಹೆಸರು. ಊರೂರು ಸುತ್ತುವ ನನ್ನಂಥವನು ಇಂಥ ಹೆಸರು ಕೇಳಿ ಸುಮ್ಮನೆ ಮುಂದೆ ಹೋಗುವುದುಂಟೆ? ದಡದ ಜಾಲಿಮರದ ಕೆಳಗೆ ಗಡಿಗೆ ಇಟ್ಟುಕೊಂಡು ಕೂರುವ ಗಂಗಮಾಳವ್ವ ಎಂಬ ಹಿರಿಯಳನ್ನು ಕೇಳಿದೆ. ಆಕೆ ಹೇಳಿದ್ದು ಇದು.

ಬಲು ಹಿಂದೆ, ಮೋಟಾರಿನ ಹೆಸರನ್ನೇ ಈ ಸೀಮೆ ಕೇಳಿರದ ಕಾಲದಲ್ಲಿ, ಕವಳಿಹಾಳದಲ್ಲಿ ಫಕೀರವ್ವ ಎಂಬ ಒಕ್ಕಲಗಿತ್ತಿ ಇದ್ದಳಂತೆ. ಮಗಳು ಹೊನ್ನವ್ವನನ್ನು ಕೂಗಳತೆಯ ಜಾಲಹಟ್ಟಿಗೇ ಕೊಟ್ಟಿದ್ದಳು. ಬೇಸಿಗೆಯಲ್ಲಿ ಹಳ್ಳವೆಂದರೆ ಹೊಲದ ಹಾಗೆ. ಮಳೆ ಬಿದ್ದರೆ ಮಾತ್ರ ಎರೆಮಣ್ಣು ಎತ್ತಿನ ಮೊಣಕಾಲನ್ನೂ ಬಿಡದೆ ಹಿಡಿಯುತ್ತಿತ್ತು. ಹೊನ್ನವ್ವನ ಚೊಚ್ಚಲ ಹೆರಿಗೆಗೆ ಕರೆತರಲು ಫಕೀರವ್ವ ಹೊರಟ ದಿನವೇ ಹಳ್ಳ ತುಂಬಿ ಬಂತು. ತಾಯಿ ಈಚೆ ದಡದಲ್ಲಿ ನಿಂತಿರುವಾಗಲೇ ಮಗಳು ಆಚೆಯೇ ಹೆತ್ತಳು. ಕೂಸಿನ ಅಳು ಗಾಳಿಯಲ್ಲಿ ಕೇಳಿತು, ಮುಖ ಕಾಣಲಿಲ್ಲ. ಅಂದೇ ಫಕೀರವ್ವ ಅಂದಳಂತೆ: "ಇನ್ನ ಮ್ಯಾಲ ನಾ ಮಗಳ ಮನಿಗಿ ಹೋದರ ಮಳಿಗಾಲದಾಗ, ಒಣಗಾಲಿಲೇ ಹೋಗಾಕಿ."

ಹಳ್ಳಕ್ಕೆ ಕಲ್ಲುಹಾದಿ ಹಾಕೋಣವೆಂದರೆ ಎರೆಸೀಮೆಯಲ್ಲಿ ಕಲ್ಲೆಂಬುದು ಹುಡುಕಿದರೂ ಸಿಗದು. ದೂರದ ಗುಡ್ಡದಿಂದ ಹೊತ್ತು ತರಬೇಕು. ಫಕೀರವ್ವನಲ್ಲಿ ಇದ್ದದ್ದು ಒಂದು ಎಮ್ಮೆ. ಮನೆಯಲ್ಲಿ ಒಡೆದುಬಿದ್ದಿದ್ದ ಅತ್ತೆಯ ಬೀಸುಕಲ್ಲನ್ನು ತಾನೇ ಮೊದಲ ಕಲ್ಲಾಗಿ ಇಟ್ಟು, ಈ ಜಾಲಿಮರದ ಕೆಳಗೆ ಮಜ್ಜಿಗೆ ಗಡಿಗೆಯೊಂದಿಗೆ ಕೂತಳು. ಕಲ್ಲು ತಂದವರಿಗೆ ಮಜ್ಜಿಗೆ, ಕಲ್ಲಿನಷ್ಟೇ ಮಜ್ಜಿಗೆ. ಹೊರೆಗಲ್ಲಿಗೆ ಚರಿಗೆ ತುಂಬ, ಮುಷ್ಟಿಗಲ್ಲಿಗೆ ಬೊಗಸೆ. ಚೇಷ್ಟೆಗಾರನೊಬ್ಬ ಕಡಲೆಕಾಳಿನಷ್ಟು ಹರಳು ತಂದಾಗ, ಬೆರಳು ಅದ್ದಿ ಅವನ ನಾಲಿಗೆಗೆ ಒಂದು ಹನಿ ಚಿಮ್ಮಿಸಿ "ಸಾಕಾತೇನಪಾ, ಹೊಟ್ಟಿ ಭಾರ ಆದೀತು" ಎಂದಳಂತೆ.

ಜನ ಬಂದರು, ಕಲ್ಲು ಬಂದವು, ಹಾದಿ ಮಾತ್ರ ಬೆಳೆಯಲೊಲ್ಲದು. ಎರೆಮಣ್ಣು ನುಂಗುತ್ತಿದೆ ಎಂದು ಎಲ್ಲರೂ ನಂಬಿದರು. ಫಕೀರವ್ವನೂ ನಂಬಿ, ಇನ್ನಷ್ಟು ಮಜ್ಜಿಗೆ ಕಡೆದಳು. ಮಣ್ಣಿಗೆ ಅಷ್ಟು ಹಸಿವಿರಲಿಲ್ಲ. ಗುಡ್ಡಕ್ಕೆ ಹೋಗಲು ಬೇಸರಪಟ್ಟವರು ಆಕೆಯ ಬೆನ್ನ ಹಿಂದೆ ಹಾದಿಯ ಕಲ್ಲನ್ನೇ ಕಿತ್ತು, ಸುತ್ತು ಬಳಸಿ ಬಂದು ಮತ್ತೆ ಒಪ್ಪಿಸುತ್ತಿದ್ದರು! ಒಂದು ಮಟಮಟ ಮಧ್ಯಾಹ್ನ ಹುಚ್ಚೀರಪ್ಪ ಎಂಬ ದಾಂಡಿಗ ಏದುಸಿರು ಬಿಡುತ್ತ ಒಂದು ಕಲ್ಲನ್ನು ಇಳಿಸಿದ.

"ಎಲ್ಲಿಂದ ತಂದ್ಯೋ ಹುಚ್ಚೀರಪ್ಪಾ?"

"ಗುಡ್ಡದಿಂದ, ಯವ್ವಾ. ಹೆಗಲು ಕಿತ್ತ ಬಂದೈತಿ, ಚರಿಗಿ ತುಂಬ ಹಾಕು."

ಫಕೀರವ್ವ ಕಲ್ಲನ್ನು ಮಗುಚಿ ನೋಡಿದಳು. ಗೂಟದ ತೂತು ಹಾಗೇ ಇತ್ತು. "ಅಲ್ಲಪಾ, ನಮ್ಮತ್ತಿ ಗುಡ್ಡಕ್ಕ ಹೋಗಿ ಜ್ವಾಳಾ ಬೀಸತಿದ್ದಳೇನು?"

ಮರದಡಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ನಗಲಿಲ್ಲ. ಎದ್ದು ಹಾದಿಯನ್ನು ನೋಡಿಬಂದು, ಅಂದು ಗಡಿಗೆ ಬೋರಲು ಹಾಕಿ ಮನೆಗೆ ನಡೆದಳು. ಮುಗಿಯಿತು, ಮುದುಕಿಯಾಗುವ ತನಕ ಮಗಳ ಅಂಗಳ ಇವಳಿಗಿಲ್ಲ ಎಂದೇ ಊರು ಮಾತಾಡಿಕೊಂಡಿತು.

ಮರುದಿನ ಆಕೆ ಬಂದಳು. ಗಡಿಗೆಯ ಪಕ್ಕದಲ್ಲಿ ಕುಂಕುಮದ ಬಟ್ಟಲು. ಪ್ರತಿ ಕಲ್ಲಿಗೂ ಬೊಟ್ಟಿಟ್ಟು, ಕೈಮುಗಿದು, ಆಮೇಲೆ ಮಜ್ಜಿಗೆ. "ಇನ್ನ ಇದು ದೇವರು. ಕೀಳಾಕ ಧೈರ್ಯ ಇದ್ದವರು ಕೀಳ್ರಿ." ನಮ್ಮ ಜನ ಕಲ್ಲು ಕದ್ದಾರು, ಬೊಟ್ಟಿಟ್ಟ ಕಲ್ಲನ್ನು ಕಾಲಲ್ಲಿ ಮುಟ್ಟಲೂ ಅಂಜುತ್ತಾರೆ. ಹಾಗಾದರೆ ಅದರ ಮೇಲೆ ನಡೆಯುವುದು ಹೇಗೆ ಎಂಬ ತಕರಾರೂ ಎದ್ದಿತು. ಅದಕ್ಕೂ ಆಕೆಯ ಬಳಿ ಉತ್ತರವಿತ್ತು: ಬೊಟ್ಟು ಕಲ್ಲಿನ ಮಗ್ಗುಲಿಗೆ, ಬೆನ್ನು ನಡೆಯುವವರಿಗೆ. ಹುಚ್ಚೀರಪ್ಪನನ್ನು ಕರೆದು ಕಲ್ಲು ಕೂರಿಸುವ ಕೆಲಸಕ್ಕೆ ಹಚ್ಚಿದಳು. "ಯಾವ ಕಲ್ಲು ಸಡಿಲ ಅನ್ನೂದು ಕಿತ್ತ ಕೈಗೇ ಗೊತ್ತು" ಎಂದಳಂತೆ. ಅವನು ಅದೇ ಕೆಲಸದಲ್ಲಿ ಮುಪ್ಪಾದ.

ಹಾದಿ ಬೆಳೆಯಿತು. ನಡುವೆ ಎಮ್ಮೆ ಬತ್ತಿದಾಗ ಮನೆಮನೆಯಿಂದ ಗಡಿಗೆಗಳು ಬಂದವು, ಗಡಿಗೆಯಿಲ್ಲದೆ ಆಕೆ ಕೂತದ್ದನ್ನು ಊರಿಗೆ ನೋಡಲಾಗಲಿಲ್ಲ. ಆಚೆ ದಡದಲ್ಲಿ ಹೊನ್ನವ್ವನೂ ಒಂದು ಗಡಿಗೆ, ಒಂದು ಬಟ್ಟಲು ಇಟ್ಟುಕೊಂಡು ಕೂತಳು. ಪ್ರತಿ ಮಳೆಗಾಲ ಹಳ್ಳ ಕೆಲವು ಕಲ್ಲು ಒಯ್ಯುತ್ತಿತ್ತು, ಬೇಸಿಗೆಯಲ್ಲಿ ಜನ ಹೆಚ್ಚು ತರುತ್ತಿದ್ದರು. ಕಡೆಗೊಂದು ಶ್ರಾವಣದಲ್ಲಿ, ಹಳ್ಳ ತುಂಬಿ ಕಲ್ಲುಗಳ ಸಂದಿನಲ್ಲಿ ಭೋರೆಂದು ಹರಿಯುವಾಗ, ಫಕೀರವ್ವ ಕೋಲೂರಿಕೊಂಡು ಹೊರಟಳು. ಅಂದು ಆಚೆ ಮನೆಯಲ್ಲಿ ಚೊಚ್ಚಲ ಹೆರಿಗೆಗೆ ಬಂದಿದ್ದವಳು ಹೊನ್ನವ್ವನ ಮಗಳು, ಹಿಂದೆ ಅಳು ಮಾತ್ರ ಕೇಳಿಸಿದ್ದ ಆ ಕೂಸು.

ದಡದಲ್ಲಿ ನಿಂತಿದ್ದ ಹೊನ್ನವ್ವ ಕಣ್ಣೊರೆಸಿಕೊಳ್ಳುತ್ತಲೇ ಬೈದಳು: "ಈಗ ಬಂದ್ಯಾ ಯವ್ವಾ? ನಂದು ಹಡಿಯೋದು ಮುಗಿದು ತಲಿ ನೆರೀತು."

"ನೀನಾದರೂ ಅಷ್ಟು ಅವಸರ ಮಾಡಬೇಕಿತ್ತೇನು? ಇರಲಿ, ಕಾಲು ನೋಡು," ಎಂದು ಫಕೀರವ್ವ ಸೀರೆ ತುಸು ಎತ್ತಿ ತೋರಿಸಿದಳು. ಎರಡೂ ಹಿಮ್ಮಡಿ ಒಣಗಿದ್ದವು.

ಈಗಲೂ ಹಾದಿಯ ಮಗ್ಗುಲಿಗೆ ಬಾಗಿ ನೋಡಿದರೆ ಸಾಲು ಸಾಲು ಕುಂಕುಮ ಕಾಣುತ್ತದೆ. ಈಚೆ ದಡದ ಮೊದಲ ಕಲ್ಲು ತೂತುಬಿದ್ದ ಅರ್ಧ ಬೀಸುಕಲ್ಲು, ಎರಡು ಸಲ ಬಂದ ಅದಕ್ಕೆ ಮಾತ್ರ ಎರಡು ಬೊಟ್ಟು. ಹೊಸ ಬಸುರಿಯನ್ನು ತವರಿಗೆ ಕರೆದೊಯ್ಯುವವರು ಸೇತುವೆ ಎಷ್ಟೇ ಅಗಲವಿರಲಿ ಅವಳನ್ನು ಈ ಹಾದಿಯ ಮೇಲೆ ನಾಲ್ಕು ಹೆಜ್ಜೆ ನಡೆಸದೆ ಬಿಡುವುದಿಲ್ಲ ಎನ್ನುತ್ತಾರೆ. ಕಥೆ ಮುಗಿಸಿದ ಗಂಗಮಾಳವ್ವ ನನ್ನ ಖಾಲಿ ಕೈ ನೋಡಿ ಗಡಿಗೆಯ ಬಾಯಿ ಮುಚ್ಚಿದಳು. ಗುಡ್ಡದ ಕಡೆಗೆ ಕೈ ತೋರಿಸಿ, "ಹಾದಿ ಕಡಿಂದ ತಂದರ ನನಗ ಗೊತ್ತಾಕ್ಕೈತಿ ಮತ್ತ" ಎಂದಳು.