ಗಾಳಿನೇ ಇಲ್ಲದ ಮಧ್ಯಾಹ್ನ

"ಇಲ್ಲೋ ತಮ್ಮಾ, ನಿಮ್ಮಣ್ಣಗ ತಲಿ ಕೆಟ್ಟಿಲ್ಲ. ಬಿಸಲೂ ಬಡದಿಲ್ಲ."

ಮಠದ ಅಜ್ಜಾರು ಹೀಗಂದಾಗ ಸಾಯಬಣ್ಣ ಏನೂ ಕೇಳಿರಲಿಲ್ಲ. ಅವರ ಪಕ್ಕ ಕೂತು ಬೀಸಣಿಗೆ ಬೀಸ್ತಿದ್ದ, ಅಷ್ಟೇ. ಆದರೆ ಬೀಸೋ ರಭಸ ನೋಡಿದರೆ ಸಾಕಿತ್ತು, ಒಳಗೇನು ಕುದೀತಿದೆ ಅಂತ ಗೊತ್ತಾಗೋಕೆ.

"ಅಲ್ರೀ ಅಜ್ಜಾರ," ಸಾಯಬಣ್ಣ ಸಿಡಿದೇಬಿಟ್ಟ. "ಎರಡು ವರ್ಷ ಆದಮ್ಯಾಲ ಮಾರಿ ತೋರಿಸ್ಯಾನ. ಮೂರು ತಾಸು ಬಸ್ಸಿನ್ಯಾಗ ಬೆಂದು ಬಂದಾನ. ಬಂದು ಏನಂತಾನ? 'ಈ ವರ್ಷ ಅಷ್ಟೇನು ಶೆಕಿ ಇಲ್ಲಲ್ಲೋ? ನಮ್ಮ ಮನ್ಯಾಗೂ ತಂಪದ' ಅಂತಾನ! ಅಂವನ ಅಂಗಿ ಹಿಂಡಿದ್ರ ಒಂದು ಕೊಡ ತುಂಬ್ತಿತ್ತು."

"ನೀ ಏನಂದಿ?"

"ಮೊಬೈಲ್ ತಗದು ತೋರಿಸಿದೆ. ನಲವತ್ಮೂರು ಡಿಗ್ರಿ. ಬೇವಿನ ಗಿಡ ಕಡದು ತಗಡು ಹೊದಿಸಿದ ಮನಿ ತಂಪಿರ್ತದೇನು ಅಂತ ಕೇಳಿದೆ."

ಎರಡು ವರ್ಷದ ಹಿಂದೆ ಜಗಳ ಹುಟ್ಟಿದ್ದೇ ಆ ಬೇವಿನ ಗಿಡದಿಂದ. ಅಣ್ಣ ಭೀಮಶಾ ಒಂದು ಮಾತೂ ಕೇಳದೆ ಅಂಗಳದ ಬೇವು ಕಡಿಸಿ, ಆ ಜಾಗದಲ್ಲಿ ತಗಡಿನ ಕೋಣೆ ಎಬ್ಬಿಸಿದ್ದ. ಬೇಸಿಗೆ ಬಂದರೆ ಆ ಬೇವಿನ ಬುಡವೇ ಸಾಯಬಣ್ಣನ ಹಾಸಿಗೆ. ಅವತ್ತು ಓಣಿ ಮಂದಿ ಎದುರು "ನೀ ನನ್ನ ಅಣ್ಣನೇ ಅಲ್ಲ" ಅಂದು ಎದ್ದು ಬಂದವನು ಮಠ ಸೇರಿಕೊಂಡ. ಅಣ್ಣ ಬರ್ತಾನೆ, ತಪ್ಪಾಯ್ತು ಅಂತಾನೆ, ಆಮೇಲೆ ನೋಡೋಣ ಅಂತ ಎರಡು ಬೇಸಿಗೆ ದಾರಿ ಕಾದ. ಯಾರಾದರೂ ಕೇಳಿದರೆ ಮಾತ್ರ, ಯಾವ ಅಣ್ಣ, ಎಲ್ಲಿ ಅಣ್ಣ ಅಂತಿದ್ದ.

ಇವತ್ತು ಅಣ್ಣ ಬಂದ. ತಮ್ಮ ಹಿಡಿದ ಮೊಬೈಲ್ ನೋಡಿದ. "ಹಂಗಾರ ಇರಬೇಕು ಬಿಡು" ಅಂದ. ಎದ್ದು ಹೋಗಿ ಹೊರಗಿನ ಕಟ್ಟೆ ಮೇಲೆ ಕೂತ. ನಾಲ್ಕು ಗಂಟೆ ಬಸ್ಸಿಗೆ ಹೋಗೋನಿದ್ದ. ಈಗ ಹೋದರೆ ಮತ್ತೆ ಬರಲ್ಲ. ಅದು ಸಾಯಬಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕಕ್ಕೆ ಇನ್ನು ಕಾಲು ತಾಸು.

"ಒಂದು ಕತಿ ಹೇಳ್ತೀನಿ ಕೇಳು," ಅಂದರು ಅಜ್ಜಾರು. "ಬೀಸೋದು ಬಿಡಬ್ಯಾಡ ಮತ್ತ."

ಒಬ್ಬ ಕುಂಬಾರ. ಒಬ್ಬ ಅಗಸ. ನಡುವೆ ಒಂದು ಮುಳ್ಳುಬೇಲಿ. ಈ ಕಡೆ ಮಡಿಕೆ ಸುಡೋ ಆವಿಗೆ, ಆ ಕಡೆ ಬಟ್ಟೆ ಒಣಹಾಕೋ ಹಗ್ಗ. ಆವಿಗೆಗೆ ಬೆಂಕಿ ಇಡೋ ಮುಂಚೆ ಕುಂಬಾರ ಬೇಲಿ ತನಕ ಬಂದು "ಗಾಳಿ ಹೆಂಗದ?" ಅಂತ ಕೇಳಬೇಕು. ಗಾಳಿ ಹಗ್ಗದ ಕಡೆ ಹೊಡೀತಿದ್ದರೆ ಅಗಸ "ತಡಿ" ಅಂತಾನೆ. ಬಟ್ಟೆ ತೆಗೆದ ಮೇಲೆ "ಹಚ್ಚು" ಅಂತಾನೆ. ಅವರಪ್ಪಂದಿರ ಕಾಲದಿಂದಲೂ ಹೀಗೇ.

ಒಂದು ಸಲ ಕುಂಬಾರ ಕೇಳಲಿಲ್ಲ. ಏನೋ ಅವಸರ, ಹಚ್ಚಿಬಿಟ್ಟ. ಮದುಮಗನ ಬಿಳಿ ಧೋತರಗಳೆಲ್ಲ ಹೊಗೆ ಹಿಡಿದು ಎಮ್ಮೆ ಬಣ್ಣಕ್ಕೆ ತಿರುಗಿದವು. ಅಗಸ ಬೀದಿಗೆ ಬಂದು ಬೈದ. ಬೈತಾ ಬೈತಾ ಕುಂಬಾರನ ತೀರಿಹೋದ ಅಪ್ಪನ ತನಕ ಹೋದ. ಅಲ್ಲಿಗೆ ಮಾತು ನಿಂತಿತು.

ಆಮೇಲೆ ಎರಡು ವರ್ಷ ಕುಂಬಾರ ಬೇಲಿ ಹತ್ತಿರ ಸುಳಿಯಲಿಲ್ಲ. ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆ ಅಂತ ತಾನೇ ನೋಡಿಕೊಳ್ಳೋನು. ಹಗ್ಗದ ಮೇಲೆ ಬಟ್ಟೆ ಇದ್ದರೆ ಬೆಂಕಿ ಇಡುತ್ತಿರಲಿಲ್ಲ. ಅಗಸ ಅದನ್ನೆಲ್ಲ ನೋಡೋನು. ನೋಡೇ ಇಲ್ಲ ಅನ್ನೋ ಹಾಗೆ ಕತ್ತೆಗೆ ಬೈಯೋನು. ಕತ್ತೆಗೂ ಸಾಕಾಗಿತ್ತು.

ಒಂದು ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಎಂಥ ಗಾಳಿ ಅಂದರೆ, ಸೀರೆಗಳು ಹಗ್ಗವನ್ನೇ ಕಿತ್ತುಕೊಂಡು ಊರು ಬಿಡೋ ಹಾಗಿದ್ದವು. ಆಗ ಕುಂಬಾರ ಬೇಲಿ ಹತ್ತಿರ ಬಂದ. ಅವನ ರುಮಾಲು ಹಾರಿಹೋಯಿತು. ತಿರುಗಿಯೂ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು ಅಂದ:

"ಇವತ್ತು ಗಾಳಿನೇ ಇಲ್ಲ ನೋಡು."

ಸಾಯಬಣ್ಣನ ಕೈ ನಿಂತುಹೋಯಿತು.

"ಬೀಸು," ಅಂದರು ಅಜ್ಜಾರು.

ಅಗಸನ ಮುಖಕ್ಕೆ ಆಗಷ್ಟೇ ಒಂದು ಒದ್ದೆ ಸೀರೆ ಬಂದು ಬಡಿದಿತ್ತು. ಕಣ್ಣು ಹೋಗ್ಯಾವೇನೋ ನಿನಗ, ಅನ್ನೋ ಮಾತು ನಾಲಿಗೆ ತುದಿಗೇ ಬಂತು. ಸೀರೆ ಸರಿಸಿ ನೋಡಿದ. ಕುಂಬಾರನ ಕೈಯಲ್ಲಿ ಬೆಂಕಿ ಇರಲಿಲ್ಲ. ಆವಿಗೆ ಖಾಲಿ ಇತ್ತು. ಅವನು ಬೇಲಿ ಮುಳ್ಳನ್ನೇ ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಹಿಡಿದಿರೋದು ಮುಳ್ಳು ಅನ್ನೋದೂ ಅವನಿಗೆ ಗೊತ್ತಿದ್ದ ಹಾಗಿರಲಿಲ್ಲ.

ಅಗಸ ಸೀರೆಯ ಒಂದು ತುದಿ ಕೈಗೆ ಸುತ್ತಿಕೊಂಡ.

"ಹೌದೋ ಮಾರಾಯಾ," ಅಂದ. "ಒಂದು ಎಲಿ ಸೈತ ಅಲುಗವಲ್ದು."

ಕುಂಬಾರ ಬೇಲಿ ದಾಟಿ ಬಂದು ಆ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡ.

ಅಜ್ಜಾರು ಕತೆ ಮುಗಿಸಿ ಒಂದು ಗುಟುಕು ನೀರು ಕುಡಿದರು. ಸಾಯಬಣ್ಣ ಬೀಸಣಿಗೆಯ ಅಂಚು ಕೀಳುತ್ತಾ ಕೂತ.

"ಮತ್ತ... ಕುಂಬಾರ ತಪ್ಪಾಯ್ತು ಅನ್ನಲೇ ಇಲ್ಲಲ್ರೀ?"

"ಗಾಳಿ ಇಲ್ಲ ಅಂದನಲ್ಲೋ."

ಸಾಯಬಣ್ಣ ಕಿಟಕಿಯಿಂದ ನೋಡಿದ. ಕಟ್ಟೆ ಮೇಲಿನ ನೆರಳು ಯಾವಾಗಲೋ ಸರಿದುಹೋಗಿತ್ತು. ಭೀಮಶಾ ಸರಿದಿರಲಿಲ್ಲ. ಸುಡೋ ಕಲ್ಲಿನ ಮೇಲೆ ಕೂತು ಟವೆಲ್‌ನಿಂದ ಕುತ್ತಿಗೆ ಒರೆಸ್ತಿದ್ದ. ಬಸ್ಸು ಬರೋದು ಎಡಗಡೆಯಿಂದ. ಅವನು ನೋಡ್ತಿದ್ದದ್ದು ಮಠದ ಬಾಗಿಲನ್ನ.

ಎರಡು ವರ್ಷದಿಂದ ಎದೆ ಮೇಲೆ ಕೂತಿದ್ದ ತಗಡಿನ ಕೋಣೆ ಅಲ್ಲೇ ಎಲ್ಲೋ ಇಳಿದ ಹಾಗಾಯಿತು. ಸಾಯಬಣ್ಣ ಉದ್ದಕ್ಕೆ ಉಸಿರು ಬಿಟ್ಟ. ಮೂಗಿನಿಂದ ನಗು ಹೊರಟಿತು, ತಡೆದುಕೊಂಡ. ಬೀಸಣಿಗೆ ಕೆಳಗಿಟ್ಟು ಎದ್ದ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಅಜ್ಜಾರು ಬೆವರು ಒರೆಸಿಕೊಳ್ತಾ ಹೇಳಿದರು:

"ಹೋಗೋವಾಗ ಬಾಗಲಾ ಹಾಕ್ಕೊಂಡು ಹೋಗೋ ತಮ್ಮಾ, ಥಂಡಿ ಒಳಗ ಬರ್ತದ."

ಸಾಯಬಣ್ಣ ಗೂಟಕ್ಕೆ ತೂಗುಹಾಕಿದ್ದ ಅಜ್ಜಾರ ಕಂಬಳಿ ತೆಗೆದು ಮೈ ತುಂಬ ಹೊದ್ದುಕೊಂಡ. ಆ ಬಿಸಿಲಿಗೆ ಹೊರಟು, ಹಿಂದೆ ಬಾಗಿಲು ಎಳೆದುಕೊಂಡ.