ಸ್ಟೀರಿಂಗಿನ ಎಡಬದಿ

"ಬುದ್ಧಿ, ನಾನು ಮಠಕ್ಕೆ ಬಂದ ಹೊಸತರಲ್ಲಿ ಬೆಳಗಿನ ಜಾವದ ಪೂಜೆ ಹೂವೆತ್ತಿದಷ್ಟು ಹಗುರವಾಗಿತ್ತು. ಈಗಲೂ ಅದೇ ಪೂಜೆ, ಅದೇ ಮಂತ್ರ, ಅದೇ ಜಾಗ. ಆದರೆ ಕಲ್ಲು ಹೊತ್ತ ಹಾಗಾಗುತ್ತದೆ. ನನ್ನಲ್ಲಿ ಏನು ಕೆಟ್ಟಿದೆ?" ಎಂದು ಶಿಷ್ಯ ಗುರುಸಿದ್ಧ ಕೇಳಿದ.

"ಏನೇನು ಮಾಡಿ ನೋಡಿದೆ?" ಎಂದರು ಗುರುಗಳು.

"ಉಪವಾಸ ಮಾಡಿದೆ. ಆಸನ ಬದಲಿಸಿದೆ. ಜಪ ಹೆಚ್ಚಿಸಿದೆ. ಯಾವುದೂ ಫಲ ಕೊಡಲಿಲ್ಲ. ಆ ದಿನಗಳೇ ಬೇರೆ, ಬುದ್ಧಿ."

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಬಳಿ ಒಂದು ಹಳೆಯ ಕಾರಿತ್ತು. ದೇಶ ಬಿಟ್ಟು ಹೊರಟಿದ್ದ ಎಸ್ಟೇಟ್ ದೊರೆಯೊಬ್ಬನಿಂದ ಕೊಂಡದ್ದು. ದೋಣಿಯಂಥ ಗಾಡಿ. ಮುಂದೆ ಅಡ್ಡಕ್ಕೆ ಒಂದೇ ಉದ್ದ ಸೀಟು. ಪವರ್ ಸ್ಟೀರಿಂಗ್ ಎಂಬುದನ್ನು ಆ ಸೀಮೆಯ ಜನ ಮೊದಲು ಕಂಡದ್ದು ಆ ಕಾರಿನಲ್ಲೇ. ಎಂಜಿನ್ ಓಡುವಾಗ ಒಂದು ಪಂಪು ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆಯ ಒತ್ತಡ ಸ್ಟೀರಿಂಗ್ ತಿರುಗಿಸುವವನ ಕೈಗೆ ನೆರವಾಗುತ್ತದೆ. ಅಷ್ಟು ಭಾರದ ಗಾಡಿಯನ್ನು ಒಂದು ಬೆರಳಲ್ಲಿ ತಿರುಗಿಸಬಹುದು ಎಂದು ಜನ ನೋಡಲು ಬರುತ್ತಿದ್ದರು.

ವೈದ್ಯ ಪ್ರತಿ ಬುಧವಾರ ಆ ಕಾರಿನಲ್ಲಿ ಬೆಟ್ಟ ಹತ್ತುತ್ತಿದ್ದ. ಮೇಲಿನ ಹಾಡಿ ಎಂಬ ಕಾಡಿನ ಪುಟ್ಟ ಊರಿನ ಜನಕ್ಕೆ ಬೇರೆ ವೈದ್ಯರಿರಲಿಲ್ಲ. ದಾರಿಯಲ್ಲಿ ಇಪ್ಪತ್ತೊಂದು ತಿರುವು. ಹೆಂಡತಿ ಇಂದುಮತಿ ಜೊತೆಗೆ ಬರುತ್ತಿದ್ದಳು. ಔಷಧಿಯ ತಗಡಿನ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ, ಅವಳು ಅವನ ಪಕ್ಕದಲ್ಲಿ. ಅವನು ರೋಗಿಗಳನ್ನು ನೋಡುತ್ತಿದ್ದ, ಅವಳು ಪುಡಿಯ ಪೊಟ್ಟಣ ಕಟ್ಟುತ್ತಿದ್ದಳು. ಹನ್ನೊಂದನೆಯ ತಿರುವಿನ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕುತ್ತಿದ್ದರು. ಎಂಜಿನ್ ತಣಿಯುವ ತನಕ ಇಬ್ಬರೂ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಒಂದು ಆಷಾಢದಲ್ಲಿ ಇಂದುಮತಿ ಜ್ವರ ಬಂದು ತೀರಿಕೊಂಡಳು. ವೈದ್ಯ ಮೂರು ತಿಂಗಳು ಮನೆ ಬಿಟ್ಟು ಕದಲಲಿಲ್ಲ. ಕೊನೆಗೆ ಬೆಟ್ಟದಿಂದ ನಾಲ್ಕು ಜನ ಒಂದು ಮಗುವನ್ನು ಹೊತ್ತುಕೊಂಡು ಇಳಿದು ಬಂದರು. "ನೀವು ಬರಲಿಲ್ಲ, ಅದಕ್ಕೆ ನಾವೇ ಬಂದ್ವಿ" ಎಂದರು. ಅವನಿಗೆ ನಾಚಿಕೆಯಾಯಿತು. ಮುಂದಿನ ಬುಧವಾರ ಕಾರು ತೆಗೆದ.

ಮೊದಲನೆಯ ತಿರುವಿನಲ್ಲೇ ಸ್ಟೀರಿಂಗ್ ತಿರುಗಲಿಲ್ಲ. ಎರಡೂ ಕೈ ಹಾಕಿ ಎಳೆದ. ಬಂತು, ಆದರೆ ಗಾಣದ ನೊಗ ಎಳೆದ ಹಾಗೆ ಬಂತು. ಬಾನೆಟ್ಟಿನ ಒಳಗಿನಿಂದ ಏನೋ ನರಳುತ್ತಿತ್ತು. ಐದನೆಯ ತಿರುವಿನಲ್ಲಿ ಮುಂದಿನ ಚಕ್ರ ರಸ್ತೆಯ ಅಂಚಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಕೆಳಗೆ ಕಣಿವೆ. ಅವನು ಬೆವರಿನಲ್ಲಿ ತೊಯ್ದು ಕಾರನ್ನು ಹಿಂದಕ್ಕೆ ಬಿಟ್ಟುಕೊಂಡು ಇಳಿದು ಬಂದ.

ಮೂರು ತಿಂಗಳು ನಿಂತ ಗಾಡಿ, ಏನೋ ಕೆಟ್ಟಿದೆ ಎಂದುಕೊಂಡ. ಊರಿನ ಗ್ಯಾರೇಜಿನವನು ಟೈರುಗಳಿಗೆ ಗಾಳಿ ತುಂಬಿ, ಇನ್ನು ಸರಿ ಎಂದ. ಸರಿಯಾಗಲಿಲ್ಲ. ಪೇಟೆಯ ಗ್ಯಾರೇಜಿನವನು ಹಳೆ ಎಣ್ಣೆ ಬಸಿದು ಹೊಸದು ಹಾಕಿದ, ಬೆಲ್ಟು ಬಿಗಿ ಮಾಡಿದ. ನರಳುವುದು ಸ್ವಲ್ಪ ಕಡಿಮೆಯಾಯಿತು, ಭಾರ ಕಡಿಮೆಯಾಗಲಿಲ್ಲ. ದೊಡ್ಡ ಊರಿನವನು ರಬ್ಬರಿನ ಪೈಪುಗಳನ್ನು ಬದಲಿಸಿದ. "ಹಳೆಯ ಗಾಡಿ ಸಾರ್, ಇದಕ್ಕಿಂತ ಹಗುರ ಆಗುವುದಿಲ್ಲ. ಕೊಳ್ಳುವವರಿದ್ದಾರೆ, ಕೊಟ್ಟುಬಿಡಿ" ಎಂದ. ವೈದ್ಯನಿಗೆ ಸಿಟ್ಟು ಬಂತು. "ಹೋದ ಸಂಕ್ರಾಂತಿಯಲ್ಲಿ ಇದೇ ಗಾಡಿಯನ್ನು ಒಂದೇ ಕೈಯಲ್ಲಿ ಬೆಟ್ಟ ಹತ್ತಿಸಿದ್ದೇನೆ" ಎಂದ. ಗ್ಯಾರೇಜಿನವನು ನಂಬಿದ ಹಾಗೆ ಕಾಣಲಿಲ್ಲ.

ಆಮೇಲೆ ವೈದ್ಯ ಸಂಜೆಯ ಹೊತ್ತು ನಿಂತ ಕಾರಿನಲ್ಲಿ ಹೋಗಿ ಕೂರತೊಡಗಿದ. ಸ್ಟೀರಿಂಗ್ ಹಿಡಿದು, ಆಗ ಹೇಗಿತ್ತು ಎಂದು ನೆನೆಯುತ್ತಿದ್ದ. ಬೆಳಗಿನ ಮಂಜು, ಹಿಂದೆ ಪೆಟ್ಟಿಗೆಯೊಳಗೆ ಗಾಜಿನ ಸೀಸೆಗಳ ಸದ್ದು, ಎಷ್ಟನೆಯ ತಿರುವೆಂದು ಅವಳು ಎಣಿಸುತ್ತಿದ್ದದ್ದು. ಆಗ ಗಾಡಿ ಮನಸ್ಸಿನಲ್ಲಿ ಅಂದುಕೊಂಡರೆ ತಿರುಗುತ್ತಿತ್ತು. ಅವಳು ಹೋದಳು, ಅವಳ ಹಿಂದೆ ಇದೂ ಹೋಯಿತು ಎಂದು ಅವನಿಗೆ ಅನ್ನಿಸುತ್ತಿತ್ತು. ಬುಧವಾರ ಬಂದರೆ ಬೆಟ್ಟದ ಕಡೆ ಮುಖ ಎತ್ತುತ್ತಿರಲಿಲ್ಲ.

ಒಬ್ಬ ಮುದುಕ ಮೇಸ್ತ್ರಿಯ ವಿಷಯವನ್ನು ಯಾರೋ ಹೇಳಿದರು. ಎಸ್ಟೇಟುಗಳ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದವನು. ಈಗ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದ. ವೈದ್ಯ ಹೋಗಿ ಕರೆದ. ಮೇಸ್ತ್ರಿ ಬಂದ.

ಅವನು ಏನನ್ನೂ ಬಿಚ್ಚಲಿಲ್ಲ. ಮೊದಲು ಜಾಕ್ ಕೊಟ್ಟು ಕಾರಿನ ಮೂತಿ ಎತ್ತಿದ. ಎಂಜಿನ್ ಹಚ್ಚದೆ ಚಕ್ರಗಳನ್ನು ಆ ಕಡೆ ಈ ಕಡೆ ತಿರುಗಿಸಿದ. ಸಲೀಸಾಗಿ ತಿರುಗಿದವು. ಕೀಲುಗಳಲ್ಲಿ ದೋಷವಿಲ್ಲ ಎಂದ. ಜಾಕ್ ಇಳಿಸಿದ. ಎಂಜಿನ್ ಹಚ್ಚಲು ಹೇಳಿ, ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಗಾಳಿ ಸೇರಿ ನೊರೆ ಎದ್ದಿದೆಯೇ ಎಂದು ಬಗ್ಗಿ ನೋಡಿದ. ಇರಲಿಲ್ಲ. ಆಮೇಲೆ ಪಂಪಿನಿಂದ ಬರುವ ಪೈಪಿನ ಮೇಲೆ ಎರಡು ಬೆರಳಿಟ್ಟು, "ತಿರುಗಿಸಿ ಡಾಕ್ಟ್ರೇ" ಎಂದ. ವೈದ್ಯ ತಿರುಗಿಸಿದ. ಮೇಸ್ತ್ರಿ ಕಣ್ಣು ಮುಚ್ಚಿದ್ದ. ತಾನು ನಾಡಿ ನೋಡುವಾಗ ಹೀಗೇ ಕಾಣುತ್ತೇನೇನೋ ಎಂದು ವೈದ್ಯನಿಗೆ ಅನ್ನಿಸಿತು.

"ಪೈಪು ಬಿಗಿಯಾಗಬೇಕು, ಆಗ್ತಾ ಇಲ್ಲ. ಪಂಪು ತಳ್ತಾ ಇಲ್ಲ" ಎಂದ ಮೇಸ್ತ್ರಿ.

ಪಂಪನ್ನು ಬಿಚ್ಚಿ ಹಲಗೆಯ ಮೇಲೆ ಇಟ್ಟ. ಒಳಗೆ ಎಣ್ಣೆ ತಳ್ಳುವ ಸಣ್ಣ ಅಲಗುಗಳಿದ್ದವು. ಒಂದನ್ನು ತೆಗೆದು ಒರೆಸಿ ವೈದ್ಯನ ಅಂಗೈಯಲ್ಲಿಟ್ಟ. ಅದು ಸವೆದು ಉಗುರಿನಂತಾಗಿತ್ತು.

"ಸಿಕ್ಕಿತಲ್ಲ. ಮೂರು ತಿಂಗಳು ನಿಂತದ್ದಕ್ಕೆ ಹೀಗಾಯಿತು" ಎಂದ ವೈದ್ಯ.

"ನಿಂತ ಗಾಡಿ ತುಕ್ಕು ಹಿಡೀತದೆ, ಸವೆಯೋದಿಲ್ಲ. ಇದು ಹತ್ತು ವರ್ಷದ ಸವೆತ ಡಾಕ್ಟ್ರೇ. ವರ್ಷ ವರ್ಷ ಇಷ್ಟಿಷ್ಟೇ ಸೋತಿದೆ. ಹತ್ತು ವರ್ಷದಿಂದ ನಿಮಗೆ ಭಾರ ಗೊತ್ತಾಗಬೇಕಿತ್ತು."

"ಗೊತ್ತಾಗಲಿಲ್ಲ. ಭಾರ ಇರಲೇ ಇಲ್ಲ. ಈ ಆಷಾಢದ ತನಕ ಒಂದೇ ಕೈ."

ಮೇಸ್ತ್ರಿ ಅವನನ್ನು ಸುಳ್ಳುಗಾರ ಎನ್ನಲಿಲ್ಲ. ಸವೆದ ಅಲಗುಗಳನ್ನೇ ಮತ್ತೆ ಕೂಡಿಸಿ, ಪಂಪನ್ನು ಇದ್ದ ಹಾಗೇ ಕಟ್ಟಿದ. "ನಡೀರಿ. ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ" ಎಂದ.

ಕಾರು ಬೆಟ್ಟ ಹತ್ತಿತು. ಮೊದಲನೆಯ ತಿರುವಿನಲ್ಲಿ ವೈದ್ಯ ಹಲ್ಲು ಕಚ್ಚಿ ಎಳೆದ. ಎರಡನೆಯದರಲ್ಲೂ ಹಾಗೇ. ಮೇಸ್ತ್ರಿ ರಸ್ತೆಯನ್ನು ನೋಡುತ್ತಿರಲಿಲ್ಲ. ಸ್ಟೀರಿಂಗನ್ನು ನೋಡುತ್ತಿದ್ದ. ಅದರ ಕಪ್ಪು ಸುತ್ತುಪಟ್ಟಿ ಬಲಗಡೆ ಮೇಲೆ, ವೈದ್ಯನ ಅಂಗೈ ಕೂರುವಲ್ಲಿ, ನುಣ್ಣಗಾಗಿತ್ತು. ಅದು ಸಹಜ. ಎಡಗಡೆ ಕೆಳಗೂ ಒಂದು ಜಾಗ ನುಣ್ಣಗಾಗಿತ್ತು. ಅಷ್ಟು ಕೆಳಗೆ ಓಡಿಸುವವನ ಕೈ ಹೋಗುವುದಿಲ್ಲ. ಅಲ್ಲಿ ಕೈಬಳೆ ಉಜ್ಜಿದಂಥ ಸಣ್ಣ ಸಣ್ಣ ಗೀರುಗಳೂ ಇದ್ದವು.

ಮೂರನೆಯ ತಿರುವು ಬಂತು. ಮೇಸ್ತ್ರಿ ತನ್ನ ಬಲಗೈ ಚಾಚಿ ಆ ಜಾಗವನ್ನು ಹಿಡಿದ. ತಿರುವು ಎಡಕ್ಕಿತ್ತು. ಅವನು ಸುಮ್ಮನೆ ಕೆಳಕ್ಕೆ ಎಳೆದ.

ಸ್ಟೀರಿಂಗ್ ನೀರಿನಂತೆ ತಿರುಗಿತು.

"ಇದೇ! ಹೀಗೇ ಇತ್ತು ಮೇಸ್ತ್ರಿ, ಹೀಗೇ ಇತ್ತು! ಏನು ಮಾಡಿದಿರಿ?" ಎಂದು ವೈದ್ಯ ಕೂಗಿದ. ಅವನ ಮುಖ ಮೂವತ್ತರ ಮುಖವಾಗಿತ್ತು. ಆಮೇಲೆ ಅವನ ಕಣ್ಣು ಕೆಳಗೆ ಹೋಯಿತು. ಎಡಗಡೆ ಒಂದು ಕೈ ಇತ್ತು.

ಅವನು ಕಾರು ನಿಲ್ಲಿಸಿದ.

"ಇಲ್ಲಿ ಹಿಡೀತಿದ್ದವರು ಯಾರು?" ಎಂದು ಮೇಸ್ತ್ರಿ ಕೇಳಿದ.

"ನನ್ನ ಹೆಂಡತಿ. ಅವಳಿಗೆ ತಿರುವು ಎಂದರೆ ಹೆದರಿಕೆ. ಹೆದರಿ ಹಿಡಿದುಕೊಳ್ಳುತ್ತಿದ್ದಳು. 'ಇಷ್ಟು ವರ್ಷವಾಯಿತು, ಇನ್ನೂ ಹೆದರಿಕೆಯೇ' ಎಂದು ನಗುತ್ತಿದ್ದೆ. 'ಹೂಂ ರೀ, ಹೆದರಿಕೆ' ಎಂದು ಅವಳೂ ನಗುತ್ತಿದ್ದಳು."

ಮೇಸ್ತ್ರಿ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಹೆದರಿದವರು ಬಾಗಿಲು ಹಿಡೀತಾರೆ ಡಾಕ್ಟ್ರೇ. ಸ್ಟೀರಿಂಗ್ ಹಿಡಿಯೋದಿಲ್ಲ."

ವೈದ್ಯ ಎಡಗಡೆಯ ಆ ನುಣ್ಣನೆಯ ಜಾಗದ ಮೇಲೆ ಬೆರಳಾಡಿಸಿದ. ಪಂಪು ಸೋಲತೊಡಗಿದಾಗ ಅವನ ವಯಸ್ಸು ಐವತ್ತರ ಹತ್ತಿರ. ತೋಳಿನ ಕಸುವಿನ ಬಗ್ಗೆ ಅವನಿಗೆ ಜಂಬವಿತ್ತು. ಒಂದು ದಿನ ಯಾವುದೋ ತಿರುವಿನಲ್ಲಿ ಅವನು ತಿಣುಕಿದ್ದನ್ನು ಅವಳು ಕಂಡಿರಬೇಕು. ಕೈ ಹಾಕಿರಬೇಕು. ಅವನು ನಕ್ಕಾಗ, ನಗಲಿ ಎಂದು ಬಿಟ್ಟಿರಬೇಕು. ಪಂಪು ಎಷ್ಟು ಸೋತಿತೋ ಅವಳು ಅಷ್ಟು ಎಳೆದಿದ್ದಳು.

ಆಗ ಅವನಿಗೆ ಅವಳ ಬಲಭುಜ ನೆನಪಾಯಿತು. ಬುಧವಾರ ರಾತ್ರಿ ಅವಳು ಭುಜ ನೋವು ಎನ್ನುತ್ತಿದ್ದಳು. ರುಬ್ಬಿ ರುಬ್ಬಿ ಬಂದ ನೋವು ಎಂದು ಅವನೇ ತೀರ್ಮಾನಿಸಿದ್ದ. ಒಂದು ಮುಲಾಮು ಕೊಟ್ಟಿದ್ದ. ಅದು ಆಗದಿದ್ದಾಗ ಇನ್ನೊಂದು, ಆಮೇಲೆ ಮತ್ತೊಂದು. ಊರಿಗೆಲ್ಲ ವೈದ್ಯನಾದ ತಾನು ನೋವು ಎಲ್ಲಿಂದ ಬಂತು ಎಂದು ಒಂದು ದಿನವೂ ಅವಳನ್ನು ಕೇಳಿರಲಿಲ್ಲ.

"ಮೇಸ್ತ್ರಿ, ಈ ಕಡೆ ಬನ್ನಿ. ನೀವು ಓಡಿಸಿ" ಎಂದ.

ವೈದ್ಯ ಎಡಗಡೆ ಕೂತ. ಆ ಕಾರಿನಲ್ಲಿ ಅವನು ಆ ಜಾಗದಲ್ಲಿ ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆ ಬೇರೆಯಾಗಿ ಕಾಣುತ್ತಿತ್ತು, ಕಣಿವೆ ಕಾಲ ಕೆಳಗೇ ಇತ್ತು. ಬಲಗೈ ಚಾಚಿದ. ಸ್ಟೀರಿಂಗ್ ಅವನು ಎಣಿಸಿದ್ದಕ್ಕಿಂತ ದೂರವಿತ್ತು. ಅವನದು ಉದ್ದ ಕೈ, ಅವಳದು ಗಿಡ್ಡ. ಎಡ ತಿರುವಿಗೆ ಕೆಳಕ್ಕೆ ಎಳೆದ, ಬಲ ತಿರುವಿಗೆ ಮೇಲಕ್ಕೆ ತಳ್ಳಿದ. ಒಂಬತ್ತನೆಯ ತಿರುವಿಗೆ ಭುಜ ಉರಿಯತೊಡಗಿತು.

"ಸಾಕು ಬಿಡಿ, ನಾನು ಎರಡು ಕೈ ಹಾಕ್ತೀನಿ" ಎಂದ ಮೇಸ್ತ್ರಿ.

"ಇಲ್ಲ. ಮೇಲಿನ ತನಕ."

ಇಪ್ಪತ್ತೊಂದೂ ಮುಗಿದವು. ಹಾಡಿಯ ಜನ ಕಾರಿನ ಸದ್ದಿಗೆ ಓಡಿಬಂದರು. ಅವನು ಇಳಿದು, ಹಿಂದಿನ ಸೀಟಿನಲ್ಲೇ ಇದ್ದ ತಗಡಿನ ಪೆಟ್ಟಿಗೆ ಎತ್ತಲು ಹೋದ. ಬಲಗೈ ಏಳಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡು ಹೋಗಿ ಕತ್ತಲಾಗುವ ತನಕ ರೋಗಿಗಳನ್ನು ನೋಡಿದ. ಪೊಟ್ಟಣಗಳನ್ನು ತಾನೇ ಕಟ್ಟಿದ. ಸರಿಯಾಗಿ ಕಟ್ಟಲು ಬರಲಿಲ್ಲ, ಪುಡಿ ಚೆಲ್ಲಿತು.

ಮರುದಿನ ಮೇಸ್ತ್ರಿ ಪಂಪಿಗೆ ಹೊಸ ಅಲಗುಗಳನ್ನು ಹಾಕಿದ. ಸ್ಟೀರಿಂಗ್ ಒಂದು ಬೆರಳಿಗೆ ತಿರುಗುವಂತಾಯಿತು. ಸುತ್ತುಪಟ್ಟಿಯ ಮೇಲಿನ ಗೀರು ಮುಚ್ಚುವ ಹಾಗೆ ತೊಗಲು ಹೊಲಿದುಕೊಡಲೇ ಎಂದು ಮೇಸ್ತ್ರಿ ಕೇಳಿದ. ಬೇಡ ಎಂದ ವೈದ್ಯ. ಬುಧವಾರಗಳು ಮತ್ತೆ ಶುರುವಾದವು. ಭುಜ ನೋವೆಂದು ಯಾರು ಬಂದರೂ ಅವನು ಮುಲಾಮಿನ ಡಬ್ಬಿಗೆ ಕೈ ಹಾಕುವ ಮೊದಲು, "ಏನು ಎತ್ತುತ್ತೀರಿ? ಏನು ಎಳೆಯುತ್ತೀರಿ? ಯಾರಿಗಾಗಿ?" ಎಂದು ಕೇಳುತ್ತಿದ್ದ. ಕೆಲವರು ಉತ್ತರ ಹೇಳುವ ಮೊದಲೇ ಅತ್ತುಬಿಡುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧ, "ಆದರೆ ಬುದ್ಧಿ, ನನ್ನ ಪೂಜೆಯಲ್ಲಿ ನಾನೊಬ್ಬನೇ ಇದ್ದೆ. ಆಗಲೂ ಒಬ್ಬನೇ, ಈಗಲೂ ಒಬ್ಬನೇ" ಎಂದ.

ಗುರುಗಳು ಕೇಳಿದರು: "ಈಗ ತಣ್ಣೀರಲ್ಲಿ ಮೀಯುತ್ತೀಯ. ಆಗ ನೀನು ಏಳುವ ಹೊತ್ತಿಗೆ ಹಂಡೆಯಲ್ಲಿ ನೀರು ಕಾದಿರುತ್ತಿತ್ತಲ್ಲ, ಒಲೆ ಹಚ್ಚುತ್ತಿದ್ದವರು ಯಾರು?"

ಗುರುಸಿದ್ಧ ಹಂಡೆಯ ಒಲೆಯ ಕಡೆ ತಿರುಗಿದ. ಆ ಹೆಸರನ್ನು ಅವನು ಒಂದು ದಿನವೂ ಕೇಳಿರಲಿಲ್ಲ.