ತಿಪ್ಪೇಶಿಯ ಸಂಬಳದ ಪಟ್ಟಿ

ಕತೆ ಕೇಳುವವರು ನಡುನಡುವೆ ಹೂಂಗುಟ್ಟಬೇಕು. ಹೂಂ ಅನ್ನುವವರಿಲ್ಲದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ಇದು ಹಿಂದಿನಿಂದ ಬಂದ ಕಟ್ಟಳೆ. ಹೂಂ ಅಂತೀರಾ? ಹಾಗಾದರೆ ಕೇಳಿ.

ಚಳ್ಳಕೆರೆ ಕಡೆಯ ಒಂದು ಊರು. ಅಲ್ಲಿ ಓಬಮ್ಮ ಅಂತ ಒಬ್ಬಳು. ಗಂಡ ಇಲ್ಲ. ಇದ್ದವನು ಒಬ್ಬನೇ ಮಗ, ತಿಪ್ಪೇಶಿ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. "ಹಾಲು ಉಕ್ಕುವ ತನಕ ನೋಡ್ತಿರೋ" ಅಂದರೆ ಉಕ್ಕುವ ತನಕ ನೋಡುತ್ತಿದ್ದ. ಉಕ್ಕಿ, ಒಲೆ ಆರಿ, ಬೂದಿ ನೆನೆದ ಮೇಲೆ "ನೋಡಿದೆ ಅವ್ವಾ" ಅನ್ನುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹೇಳದೆ ಇದ್ದದ್ದನ್ನು ಮಾಡಿದವನೇ ಅಲ್ಲ.

ಓಬಮ್ಮ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತೆ. ಸಂಬಳದ ಲೆಕ್ಕ ಅವಳದೇ. ಸಿಪ್ಪೆಯ ದೂಳು ಕುಡಿದು ಕುಡಿದು ಎದೆ ಕಟ್ಟಿತ್ತು. ಕಣ್ಣಿಗೆ ಪೊರೆ ಬಂದಿತ್ತು. "ಸಾಕು, ಮನೇಲಿರು ಓಬಮ್ಮ" ಅಂದರೆ ಕೇಳಳು.

"ಕೆಲಸದಲ್ಲಿದ್ದಾಗಲೇ ನಾನು ಕಣ್ಣು ಮುಚ್ಚಿದರೆ ವಿಮೆ ಹಣ ನನ್ನ ಮಗನಿಗೆ ಬರುತ್ತೆ. ಎರಡು ಎಮ್ಮೆ ಕಟ್ಟಿಕೊಂಡು ಬದುಕ್ತಾನೆ. ಕೆಲಸ ಬಿಟ್ಟು ಸತ್ತರೆ ಏನು ಬರುತ್ತೆ? ಬರೀ ಮಣ್ಣು!"

ಹಾಗಂತ ಕೆಮ್ಮಿಕೊಂಡೇ ಹೋಗುತ್ತಿದ್ದಳು, ಕೆಮ್ಮಿಕೊಂಡೇ ಬರುತ್ತಿದ್ದಳು.

ಅಷ್ಟರಲ್ಲಿ ಮಿಲ್ಲಿಗೆ ಕಂಪ್ಯೂಟರ್ ಬಂತು. ಅದರೊಳಗೆ ಸಂಬಳದ ಸಾಫ್ಟ್‌ವೇರ್ ಬಂತು. ಯಾರಿಗೆ ಎಷ್ಟು ಸಂಬಳ, ಎಷ್ಟು ತೆರಿಗೆ, ಎಷ್ಟು ವಿಮೆ, ಎಲ್ಲವನ್ನೂ ತಿಂಗಳು ತಿಂಗಳು ಅದರಲ್ಲೇ ತುಂಬಿ ಸರ್ಕಾರಕ್ಕೆ ವರದಿ ಕಳಿಸಬೇಕು. ಓಬಮ್ಮನಿಗೆ ಪರದೆ ಮಂಜಾಗಿ ಕಾಣುತ್ತದೆ. ಸಾಹುಕಾರ ರುದ್ರಮುನಿಯ ಮುಂದೆ ಸೆರಗೊಡ್ಡಿ ನಿಂತಳು.

"ಸಾಹುಕಾರ್ರೇ, ಕೀ ಒತ್ತೋದಕ್ಕೆ ನನ್ನ ಮಗನ್ನ ಇಟ್ಕೊಳ್ಳಿ. ಹೇಳಿಕೊಡೋದಕ್ಕೆ ನಾನಿದ್ದೀನಿ."

"ನೀನಿರೋ ತನಕ ಸರಿ ಓಬಮ್ಮ. ಆಮೇಲೆ?"

ಓಬಮ್ಮ ಕಂಪ್ಯೂಟರಿನ ಮುಂದೆ ಮಗನನ್ನು ಕುರ್ಚಿಯಲ್ಲಿ ಕೂರಿಸಿದಳು.

"ನೋಡು ಮಗಾ, ಪಾಸ್‌ವರ್ಡ್ ಯಾರಿಗೂ ಹೇಳಬೇಡ. ದೇವರೇ ಬಂದು ಕೇಳಿದರೂ ಹೇಳಬೇಡ. ಮಿಲ್ಲಿನಿಂದ ತಿಂಗಳು ತಿಂಗಳು ಯಾರ್‍ಯಾರಿಗೆ ಸಲ್ಲುತ್ತೋ ಅವರ ಹೆಸರೆಲ್ಲ ಹಾಕು. ಒಂದನ್ನೂ ಬಿಡಬೇಡ!"

"ಆಗಲಿ ಅವ್ವಾ!" ಅಂದ ತಿಪ್ಪೇಶಿ.

ತಿಂಗಳು ಕಳೆಯಿತು. ತೆರಿಗೆಯವರು ಸಾಹುಕಾರನಿಗೆ ಫೋನ್ ಮಾಡಿದರು.

"ಏನ್ರೀ, ನಿಮ್ಮ ಪಟ್ಟಿಯಲ್ಲಿ ಆಂಜನೇಯ ಅಂತ ಒಬ್ಬನಿದ್ದಾನೆ. ತಂದೆ ವಾಯುದೇವರು. ಸಂಬಳ ಒಂದು ಡಬ್ಬ ಎಣ್ಣೆ. ಬ್ಯಾಂಕ್ ಖಾತೆ ಇಲ್ಲ. ಯಾರ್‍ರೀ ಇವನು?"

ಸಾಹುಕಾರ ಬೆವರಿದ. ಮಿಲ್ಲಿನ ಗೋಡೆಯ ಗೂಡಿನಲ್ಲಿದ್ದ ಆಂಜನೇಯ! ದೀಪಕ್ಕೆ ತಿಂಗಳು ತಿಂಗಳು ಎಣ್ಣೆ ಸಲ್ಲುತ್ತಿತ್ತಲ್ಲ! ಪಟ್ಟಿಯಲ್ಲಿ ಅವನ ಕೆಳಗೆ ಹಾಲು ಸಲ್ಲುವ ಬೆಕ್ಕು. ಅದರ ಕೆಳಗೆ, ಹಿಂಡಿ ಸಲ್ಲುವ ಸಾಹುಕಾರನ ಹಸು. ತಿಪ್ಪೇಶಿ ಬೆಕ್ಕಿಗೆ ತೆರಿಗೆಯನ್ನೂ ಹಿಡಿದಿದ್ದ.

ಓಬಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಹೆಡ್ಡ! ದೇವರು ಕೂಲಿ ಮಾಡ್ತಾನೇನೋ? ಬೆಕ್ಕು ಮೂಟೆ ಹೊರುತ್ತೇನೋ? ಬೆವರು ಸುರಿಸೋರ ಹೆಸರು ಹಾಕೋ! ಕಣ್ಣಾರೆ ಕಂಡು ಹಾಕೋ!"

"ಆಗಲಿ ಅವ್ವಾ!" ಅಂದ ತಿಪ್ಪೇಶಿ.

ಮುಂದಿನ ತಿಂಗಳು ಮಾಗಿಯ ಚಳಿ. ತಿಪ್ಪೇಶಿ ಬೆಳಗ್ಗಿನಿಂದ ಸಂಜೆವರೆಗೆ ಮಿಲ್ಲಿನೊಳಗೆ ಓಡಾಡಿದ. ಒಬ್ಬೊಬ್ಬರ ಹಣೆ ಮುಟ್ಟಿ ನೋಡಿದ. ಒಣ, ಒಣ, ಒಣ! ಜರಡಿ ಹಿಡಿಯುವ ಹೆಂಗಸರು ಸೆರಗು ಹೊದ್ದು ನಡುಗುತ್ತಿದ್ದರು. ಹಮಾಲಿಗಳು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಬೆವರಿದವನು ಬಾಯ್ಲರಿನ ದುರುಗಪ್ಪ ಒಬ್ಬನೇ. ಇನ್ನೊಬ್ಬ, ಆವತ್ತು ತಪಾಸಣೆಗೆ ಬಂದು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟ ದಪ್ಪನೆಯ ಇನ್ಸ್‌ಪೆಕ್ಟರು. ಇಬ್ಬರ ಹೆಸರನ್ನೂ ಹಾಕಿದ. ಉಳಿದವರು ಯಾಕಿಲ್ಲ ಅಂತ ಯಂತ್ರ ಕೇಳಿತು. ಹೇಳಿಕೊಟ್ಟಿರಲಿಲ್ಲ, ಖಾಲಿ ಬಿಟ್ಟ. ವರದಿ ಹೋಯಿತು.

ಸಂಬಳದ ದಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. "ಏನೋ ತಿಪ್ಪೇಶಿ, ನಾವೇನು ಮಣ್ಣು ತಿನ್ನಬೇಕೇನೋ?"

"ನೀವು ಬೆವರಲಿಲ್ಲ ಅಕ್ಕಾ!"

ಅವರು ಬೈಯುತ್ತಿರುವಾಗಲೇ ಇನ್ಸ್‌ಪೆಕ್ಟರೂ ಬಂದ. ಚಳಿಯಲ್ಲೂ ಬೆವರುತ್ತಲೇ ಬಂದ. "ರೀ ಸಾಹುಕಾರ್ರೇ! ನಾನು ಯಾವಾಗ ನಿಮ್ಮ ಸಂಬಳ ತಗೊಂಡೆ? ಬಾಯಿಮಾತಾಗಿದ್ದರೆ ಆಗಿತ್ತು, ಸರ್ಕಾರಕ್ಕೇ ಬರೆದು ಕಳಿಸಿದ್ದೀರಲ್ರೀ! ನನ್ನ ಕೆಲಸಕ್ಕೆ ಕಲ್ಲು ಹಾಕಿದ್ರಿ!"

ಸಾಹುಕಾರ ಕೈ ಮುಗಿದ, ಕಾಲು ಹಿಡಿದ, ದಂಡ ಕಟ್ಟಿದ. ಆಮೇಲೆ ಓಬಮ್ಮನ ಕಡೆ ತಿರುಗಿ, "ಇನ್ನೊಂದು ಸಲ ಹಿಂಗಾದರೆ ಇಬ್ಬರೂ ಮನೆಗೆ!" ಅಂದ.

ಓಬಮ್ಮನಿಗೆ ಕೆಮ್ಮು ಮೊದಲು ಬಂತು, ಮಾತು ಆಮೇಲೆ ಬಂತು. "ಲೇ ಪೆದ್ದಾ, ಹಾಜರಿ ಪುಸ್ತಕ ನೋಡಬಾರದೇನೋ? ಹಾಜರಿ ಇದ್ದರೆ ಹಾಕು, ಇಲ್ಲದಿದ್ದರೆ ತೆಗಿ! ಯಂತ್ರ ಕೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದೀಯಲ್ಲೋ, ಅದು ತೋರಿಸೋ ಸಾಲಿನಲ್ಲಿ ಮೇಲಿರೋದನ್ನಾದರೂ ಒತ್ತಬಾರದಾ?"

"ಆಗಲಿ ಅವ್ವಾ!" ಅಂದ ತಿಪ್ಪೇಶಿ.

ಅದರ ಮುಂದಿನ ತಿಂಗಳು ಬಾಯ್ಲರಿನ ದುರುಗಪ್ಪನ ಕಾಲಿಗೆ ಬಿಸಿ ಎಣ್ಣೆ ಬಿತ್ತು. ವಿಮೆಯ ಆಸ್ಪತ್ರೆಯಲ್ಲಿ ಮಲಗಿದ. ತಿಪ್ಪೇಶಿ ಹಾಜರಿ ಪುಸ್ತಕ ನೋಡಿದ. ದುರುಗಪ್ಪನ ಮುಂದೆ ಹಾಜರಿ ಇಲ್ಲ. ತೆಗೆದ. ಯಾಕೆ ತೆಗೆದೆ ಅಂತ ಯಂತ್ರ ಕೇಳಿತು. ಕೇಳಿ, ಕಾರಣಗಳ ಸಾಲನ್ನೂ ಕೊಟ್ಟಿತು. ಮರಣ, ನಿವೃತ್ತಿ, ರಾಜೀನಾಮೆ. ಮೇಲಿರುವುದು ಯಾವುದು? ಮರಣ. ಒತ್ತಿದ.

ಮಾರನೆಯ ವಾರ ದುರುಗಪ್ಪ ಕೋಲೂರಿಕೊಂಡು ಬಂದ. ಹಿಂದೆ ಹೆಂಡತಿ ಮಾರಕ್ಕ, ಕೈಯಲ್ಲಿ ಪೊರಕೆ.

"ಎಲ್ಲೋ ಅವನು? ನನ್ನ ಕುಂಕುಮ ಅಳಿಸೋಕೆ ನೀನ್ಯಾವನೋ? ಆಸ್ಪತ್ರೆಯೋರು ಮಾತ್ರೆ ಕೊಡಲ್ಲ ಅಂತಾರೆ. ಸತ್ತೋರಿಗೆ ಮಾತ್ರೆ ಇಲ್ವಂತೆ!"

"ಮಂಚದಿಂದ ಎಬ್ಬಿಸಿಬಿಟ್ರಲ್ಲೋ" ಅಂದ ದುರುಗಪ್ಪ. "ನಾನು ಸತ್ತಿದ್ದರೆ ನನಗೇ ಗೊತ್ತಾಗ್ತಿರಲಿಲ್ವೇನೋ?"

ತಿಪ್ಪೇಶಿ ಅವನ ಕೈ ಮುಟ್ಟಿ ನೋಡಿದ. "ಬೆಚ್ಚಗೈತೆ ದುರುಗಣ್ಣ!"

ಮಾರಕ್ಕನ ಪೊರಕೆ ಬಿತ್ತು. ನಗಬೇಡಿ. ಸುಟ್ಟ ಕಾಲನ್ನು ಎಳೆದುಕೊಂಡು ದುರುಗಪ್ಪ ಕಚೇರಿಯಿಂದ ಕಚೇರಿಗೆ ಅಲೆದ. ನಾನು ಬದುಕಿದ್ದೇನೆ, ನಾನು ಬದುಕಿದ್ದೇನೆ ಅಂತ ಕಂಡಕಂಡವರಿಗೆ ಹೇಳಿದ. ಅವನು ಬದುಕಿದ್ದಾನೆ ಅಂತ ಸರ್ಕಾರ ಒಪ್ಪುವಷ್ಟರಲ್ಲಿ ಕಾಲು ಕೀವು ತುಂಬಿ ಕೆಟ್ಟುಹೋಗಿತ್ತು. ಆಮೇಲೆ ಅವನು ಕೋಲು ಬಿಡಲೇ ಇಲ್ಲ.

ಆವತ್ತು ಓಬಮ್ಮ ಮಗನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಬದುಕಿದ್ದೋನನ್ನ ಕೊಂದುಬಿಟ್ಟೆಯಲ್ಲೋ ಪಾಪಿ! ಇನ್ಮೇಲೆ ಯಾರ ಹೆಸರನ್ನೂ ಅವರನ್ನ ಕೇಳದೆ ತೆಗೀಬೇಡ! ಸಾಹುಕಾರ್ರು ಹೇಳಿದರೂ ತೆಗೀಬೇಡ, ನಾನು ಹೇಳಿದರೂ ತೆಗೀಬೇಡ. ಅವರ ಎದುರಿಗೆ ಹೋಗು, ತೆಗೀಲಾ ಅಂತ ಕೇಳು. ಅವರ ಬಾಯಿಂದಲೇ ಹೂಂ ಬರಬೇಕು. ಹೂಂ ಅಂದರೆ ತೆಗಿ. ಸುಮ್ಮನಿದ್ದರೆ ಬಿಡು!"

ಸಿಟ್ಟಿನಲ್ಲಿ ಅಷ್ಟು ಹೇಳಿದಳು. ಮೇಲಿರುವುದನ್ನು ಒತ್ತು ಅಂದಿದ್ದ ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮರೆತಳು.

"ಆಗಲಿ ಅವ್ವಾ!" ಅಂದ ತಿಪ್ಪೇಶಿ.

ಆಮೇಲೆ ಲಾರಿ ಡ್ರೈವರ್ ಸಣ್ಣಬೋರ ಮಿಲ್ಲಿನ ಎರಡು ಹೊಸ ಟೈರು ಮಾರಿಕೊಂಡು ಓಡಿಹೋದ. "ಆ ಕಳ್ಳನ ಹೆಸರು ತೆಗಿಯೋ" ಅಂದ ಸಾಹುಕಾರ. ತಿಪ್ಪೇಶಿ ಬಸ್ಸು ಹತ್ತಿ, ಊರೂರು ಹುಡುಕಿ, ಹಿರಿಯೂರಿನ ಒಂದು ಖಾನಾವಳಿಯಲ್ಲಿ ಸಣ್ಣಬೋರನನ್ನು ಹಿಡಿದ. ಹಿಡಿದವನು ಪೊಲೀಸರಿಗೆ ಹೇಳಿದನೇ? ಇಲ್ಲ.

"ಸಣ್ಣಬೋರಣ್ಣ, ನಿನ್ನ ಹೆಸರು ತೆಗೀಲಾ?"

ಸಣ್ಣಬೋರ ಕೈಯಲ್ಲಿದ್ದ ತುತ್ತನ್ನು ನುಂಗಿ, "ಬೇಡಪ್ಪ, ಇರಲಿ ಬಿಡು. ಸಂಬಳ ಮಾತ್ರ ತಪ್ಪದೆ ಹಾಕು" ಅಂದ.

ಹಾಕಿದ. ತಪ್ಪದೆ ಹಾಕಿದ. ಕಳ್ಳನಿಗೆ ಸಂಬಳ ಹೋಯಿತು, ತೆರಿಗೆ ಹೋಯಿತು, ವಿಮೆಯೂ ಹೋಯಿತು. ಸಾಹುಕಾರ ಕೂಗಾಡಿ ತಿಪ್ಪೇಶಿಯ ಕೊರಳಪಟ್ಟಿ ಹಿಡಿದು ದಬ್ಬಿದ. "ಹೋಗಲೇ, ನಿಮ್ಮವ್ವನ್ನ ಕರ್‍ಕೊಂಡು ಬಾ!"

ತಿಪ್ಪೇಶಿ ಅವ್ವ ಕೂರುತ್ತಿದ್ದ ತಕ್ಕಡಿ ಕೋಣೆಗೆ ಹೋದ. ಅವ್ವ ಮೇಜಿನ ಮೇಲೆ ತಲೆ ಇಟ್ಟಿದ್ದಳು.

"ಅವ್ವಾ, ಸಾಹುಕಾರ್ರು ಕರೀತಾರೆ."

ಸುಮ್ಮನಿದ್ದಳು.

"ಅವ್ವಾ, ಇವತ್ತೂ ತಪ್ಪು ಮಾಡಿದೆನಂತೆ. ಬೈಯಿ."

ಬೈಯಲಿಲ್ಲ. ಬೈಯುವುದಕ್ಕೆ ಅವಳು ಇರಲಿಲ್ಲ.

ಮಿಲ್ಲಿನವರೆಲ್ಲ ಸೇರಿ ಊರಾಚೆ ಬೇವಿನ ಮರದ ಹತ್ತಿರ ಮಣ್ಣು ಮಾಡಿದರು. ದುರುಗಪ್ಪ ಕುಂಟುತ್ತಲೇ ಹೆಗಲು ಕೊಟ್ಟ. ಮೂರನೆಯ ದಿನದ ಹಾಲು ತುಪ್ಪ ಆಯಿತು. ತಿಪ್ಪೇಶಿ ಕುರ್ಚಿಗೆ ಹೋಗಿ ಕೂತ. ಆ ತಿಂಗಳ ಪಟ್ಟಿ ಮಾಡಿದ. ಓಬಮ್ಮ, ಗುಮಾಸ್ತೆ, ಪೂರ್ತಿ ಹಾಜರಿ, ಪೂರ್ತಿ ಸಂಬಳ.

ಸಾಹುಕಾರನಿಗೆ ತಿಳಿದಾಗ ಅವನು ಕೂಗಾಡಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ. "ತಿಪ್ಪೇಶಿ, ಅವಳು ಹೋದಳಪ್ಪ. ಹೆಸರು ತೆಗಿ. ತೆಗೆದರೇನೇ ನಿನಗೆ ವಿಮೆ ಹಣ ಬರೋದು. ಅದಕ್ಕೋಸ್ಕರವೇ ಅಲ್ವೇನೋ ಆ ಕೆಮ್ಮು ಇಟ್ಕೊಂಡು ಕೊನೇ ದಿನದವರೆಗೂ ಬಂದಳು?"

"ಅವ್ವನ್ನ ಕೇಳಬೇಕು ಸಾಹುಕಾರ್ರೇ."

"ಹಾಗಾದರೆ ಪಾಸ್‌ವರ್ಡ್ ಹೇಳು, ನಾನೇ ತೆಗೀತೀನಿ."

"ದೇವರು ಬಂದು ಕೇಳಿದರೂ ಹೇಳಬಾರದಂತೆ."

ಸಾಹುಕಾರ ಎದ್ದ. ಅವನ ತಾಳ್ಮೆ ಅಷ್ಟೇ ಉದ್ದ. "ಸತ್ತೋಳಿಗೆ ಸಂಬಳ ಕಳಿಸಿ ನನ್ನನ್ನ ಜೈಲಿಗೆ ಹಾಕಿಸ್ತೀಯೇನೋ? ನಾಳೆ ಮಧ್ಯಾಹ್ನದೊಳಗೆ ವರದಿ ಹೋಗಬೇಕು. ನಿಮ್ಮಿಬ್ಬರಲ್ಲಿ ಒಬ್ಬರ ಹೆಸರು ಅದರೊಳಗಿಂದ ಹೋಗಲೇಬೇಕು! ಅವಳದೋ, ನಿನ್ನದೋ, ನೀನೇ ನೋಡ್ಕೋ!"

"ಆಗಲಿ ಸಾಹುಕಾರ್ರೇ" ಅಂದ ತಿಪ್ಪೇಶಿ.

ಬೆಳಗಾಗುತ್ತಲೇ ಬೇವಿನ ಮರದ ಹತ್ತಿರ ಹೋದ. ದುರುಗಪ್ಪನೂ ಕೋಲೂರಿಕೊಂಡು ಹಿಂದೆ ಹೋದ. ಮಣ್ಣು ಇನ್ನೂ ಹಸಿಯಾಗಿತ್ತು. ತಿಪ್ಪೇಶಿ ಕುಕ್ಕರಗಾಲಲ್ಲಿ ಕೂತು ಕೇಳಿದ.

"ಅವ್ವಾ, ನಿನ್ನ ಹೆಸರು ತೆಗೀಲಾ?"

ಬೇವಿನ ಎಲೆ ಅಲ್ಲಾಡಿತು, ಅಷ್ಟೇ.

"ಅವ್ವಾ, ತೆಗೀಲಾ?"

"ತೆಗಿಯೋ ಮಗಾ" ಅಂದ ದುರುಗಪ್ಪ. "ಸತ್ತೋರು ಮಾತಾಡ್ತಾರೇನೋ?"

"ನೀನು ಸತ್ತಾಗ ಮಾತಾಡಿದೆಯಲ್ಲ ದುರುಗಣ್ಣ! ನಡ್ಕೊಂಡು ಬಂದು ಬೈದೆಯಲ್ಲ! ಅವ್ವನೂ ಬಂದು ಬೈತಾಳೆ."

ದುರುಗಪ್ಪ ಅವನ ಪಕ್ಕದಲ್ಲೇ ಕೂತ. ಬಿಸಿಲೇರುವ ತನಕ ಇಬ್ಬರೂ ಕಾದರು. ಹೂಂ ಬರಲಿಲ್ಲ.

ತಿಪ್ಪೇಶಿ ಮಿಲ್ಲಿಗೆ ಬಂದ. ಕುರ್ಚಿಯಲ್ಲಿ ಕೂತ. ಇಬ್ಬರಲ್ಲಿ ಒಬ್ಬರ ಹೆಸರು ಹೋಗಬೇಕು. ಅವ್ವ ಹೂಂ ಅನ್ನಲಿಲ್ಲ. ಉಳಿದವನು ಯಾರು? ಬಾಗಿಲ ಪಕ್ಕದ ಕನ್ನಡಿಯ ಎದುರಿಗೆ ಹೋಗಿ ನಿಂತ. ಎದುರಿಗೆ ಹೋಗಿ ಕೇಳು ಅಂದಿದ್ದಳಲ್ಲ.

"ತಿಪ್ಪೇಶಿ, ನಿನ್ನ ಹೆಸರು ತೆಗೀಲಾ?"

"ಹೂಂ" ಅಂದ ತಿಪ್ಪೇಶಿ.

ತೆಗೆದ. ಯಾಕೆ ತೆಗೆದೆ ಅಂತ ಯಂತ್ರ ಕೇಳಿತು. ಮೇಲಿರುವುದನ್ನು ಒತ್ತಿದ. ವರದಿ ಹೋಯಿತು.

ಈಗ ಸರ್ಕಾರದ ಲೆಕ್ಕದಲ್ಲಿ ಓಬಮ್ಮ ದಿನಾ ಮಿಲ್ಲಿಗೆ ಬರುತ್ತಾಳೆ, ಒಂದು ದಿನ ತಪ್ಪಿಸಿದವಳಲ್ಲ. ಅವಳ ವಿಮೆ ಹಣಕ್ಕೆ ವಾರಸುದಾರನಾಗಿದ್ದ ಮಗ ತೀರಿಕೊಂಡಿದ್ದಾನೆ. ಸತ್ತವನ ಪಾಸ್‌ವರ್ಡನ್ನು ಯಂತ್ರವೂ ಮರೆತುಬಿಟ್ಟಿತು, ಪಟ್ಟಿ ತಿದ್ದುವವರೇ ಇಲ್ಲ. ಸಾಹುಕಾರ ಬಾಗಿಲು ತೋರಿಸಿದ. ದುರುಗಪ್ಪ ಮಾತ್ರ ಬಿಡಲಿಲ್ಲ.

"ಬಾರೋ, ಕಚೇರಿಗೆ ಹೋಗೋಣ. ಬದುಕಿದ್ದೀನಿ ಅಂತ ಹೇಳೋಣ. ಆ ದಾರಿ ನನಗೆ ಗೊತ್ತು."

"ಯಾಕೆ ದುರುಗಣ್ಣ? ನನ್ನನ್ನ ಕೇಳಿಯೇ ತೆಗೆದದ್ದಲ್ವಾ? ಈ ಸಲ ತಪ್ಪೇ ಮಾಡಿಲ್ಲ. ಅವ್ವ ಬಂದರೆ ನೋಡು, ಬೈಯೋಕೆ ಏನೂ ಸಿಗಲ್ಲ ಅವಳಿಗೆ!"

ಮಾರಕ್ಕ ಕೊಟ್ಟ ಮುದ್ದೆ ಉಂಡು ಮಿಲ್ಲಿನ ಬಾಗಿಲಲ್ಲಿ ಕೂತಿರುತ್ತಾನೆ. ಸಂಜೆ ಬೇವಿನ ಮರದ ಹತ್ತಿರ ಹೋಗಿ ತೆಗೀಲಾ ಅಂತ ಒಂದು ಸಲ ಕೇಳಿ ಬರುತ್ತಾನೆ.

ಕತೆ ಇಷ್ಟೇ. ಇನ್ನು ಯಾರೂ ಹೂಂ ಅನ್ನಬೇಡಿ. ಅವನ ಕಿವಿಗೆ ಬಿದ್ದೀತು.